ಮಾಡಿದ ಕೆಲಸ ಕಾಣಬೇಕಾದರೆ

1847ರ ಏಪ್ರಿಲ್‌ನಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಒಂದನೇ ಹೆರಿಗೆ ವಿಭಾಗದಲ್ಲಿ ನೂರಕ್ಕೆ ಸುಮಾರು 18 ಬಾಣಂತಿಯರು ತೀರಿಕೊಂಡರು. ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಮೇ ತಿಂಗಳಲ್ಲಿ ಒಂದು ನಿಯಮ ತಂದರು. ಶವಪರೀಕ್ಷೆ ಮುಗಿಸಿ ಬರುವವರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಗರ್ಭಿಣಿಯರನ್ನು ಮುಟ್ಟಬೇಕು. ಜುಲೈ ಹೊತ್ತಿಗೆ ಸಾವು ನೂರಕ್ಕೆ ಎರಡಕ್ಕಿಂತ ಕೆಳಗಿಳಿಯಿತು.

ಇಷ್ಟಾದರೂ ಅವರು ಬರೆಯಲು ಮನಸ್ಸು ಮಾಡಲಿಲ್ಲ. ಸ್ನೇಹಿತರು ಅವರ ಪರವಾಗಿ ವರದಿ ಮಾಡಿದರು. ಹೊರಗಿನ ಹಲವರಿಗೆ ವಿಷಯ ಅರೆಬರೆಯಾಗಿ ತಲುಪಿತು. ಅವರದೇ ಪುಸ್ತಕ ಬಂದದ್ದು 1861ರಲ್ಲಿ, ಅಂದರೆ 14 ವರ್ಷ ಕಳೆದ ಮೇಲೆ. ಐನೂರು ಪುಟ ಮೀರಿದ ಆ ಗ್ರಂಥದಲ್ಲಿ ಅಂಕಿಅಂಶಗಳ ಜೊತೆಗೆ ವಿರೋಧಿಗಳ ಮೇಲಿನ ಸಿಟ್ಟೂ ತುಂಬಿತ್ತು. ರೋಗಾಣು ಸಿದ್ಧಾಂತ ಇನ್ನೂ ನೆಲೆಯೂರಿರಲಿಲ್ಲ. ತಮ್ಮ ಕೈಯಿಂದಲೇ ಸಾವು ಹರಡುತ್ತಿದೆ ಎಂದು ಒಪ್ಪಲು ವೈದ್ಯರೂ ತಯಾರಿರಲಿಲ್ಲ. ಹೀಗಿರುವಾಗ ಸ್ಪಷ್ಟವಾದ ಬರವಣಿಗೆ ಇನ್ನೂ ಹೆಚ್ಚು ಬೇಕಿತ್ತು.

ಅದೇ ಕಾಲದ ಬ್ರಿಟಿಷ್ ದಾದಿ ಫ್ಲಾರೆನ್ಸ್ ನೈಟಿಂಗೇಲ್ ಬೇರೆ ದಾರಿ ಹಿಡಿದರು. ಅವರು ಸೇವೆ ಸಲ್ಲಿಸಿದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗಾಯಕ್ಕಿಂತ ರೋಗದಿಂದಲೇ ಹೆಚ್ಚು ಸತ್ತಿದ್ದರು. ಲೆಕ್ಕದ ಕೋಷ್ಟಕಗಳನ್ನು ಮಂತ್ರಿಗಳು ಓದಲಾರರು ಎಂದು ಬಲ್ಲ ಅವರು, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ನೆರವಿನಿಂದ 1858ರಲ್ಲಿ ತಮ್ಮ ವರದಿಯಲ್ಲಿ ಒಂದು ಬಣ್ಣದ ಚಿತ್ರ ಮುದ್ರಿಸಿದರು. ವೃತ್ತದಲ್ಲಿ ತಿಂಗಳಿಗೊಂದು ಹೋಳು. ತಡೆಯಬಹುದಾಗಿದ್ದ ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದವಕ್ಕೆ ಕಪ್ಪು. 1855ರ ಜನವರಿಯ ನೀಲಿ ಹೋಳು ಎಲ್ಲವನ್ನೂ ಮೀರಿ ಚಾಚಿಕೊಂಡಿತ್ತು. ಶುಚಿತ್ವದ ಕೆಲಸ ನಡೆದ ಮೇಲಿನ ತಿಂಗಳುಗಳಲ್ಲಿ ಅದು ಕುಗ್ಗುತ್ತ ಹೋಯಿತು. ವರದಿಯ ಪ್ರತಿಗಳು ಅಧಿಕಾರದಲ್ಲಿದ್ದವರ ಕೈ ಸೇರಿದವು. ಸೈನ್ಯದ ವಸತಿಗಳಲ್ಲಿ ಚರಂಡಿ, ಗಾಳಿ, ನೀರಿನ ವ್ಯವಸ್ಥೆ ಸುಧಾರಿಸಿತು. ಚಿತ್ರ ಮುದ್ರಿಸಿದ ವರ್ಷವೇ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಮಾಡಿದ ಕೆಲಸವನ್ನು ಓದುವವರಿಗೆ ಕಾಣುವಂತೆ ಹೇಳಬೇಕೆಂಬ ಈ ಪಾಠ ಇಂದಿನ ಕಚೇರಿಗೂ ಸಲ್ಲುತ್ತದೆ. ಪಿಂಚಣಿ ವಿಭಾಗದ ಗುಮಾಸ್ತರೊಬ್ಬರು ವಾರ್ಷಿಕ ವರದಿಯಲ್ಲಿ ‘ಅರ್ಜಿಗಳ ವಿಲೇವಾರಿ ಸುಧಾರಿಸಿದೆ’ ಎಂದಷ್ಟೇ ಬರೆದರೆ ಮೇಲಧಿಕಾರಿಗೆ ಏನೂ ತಿಳಿಯದು. ‘ಮೊದಲು ಒಂದು ಅರ್ಜಿಗೆ 40 ದಿನ ಹಿಡಿಯುತ್ತಿತ್ತು, ಈಗ 15 ದಿನ. ದಾಖಲೆಗಳನ್ನು ಕೌಂಟರಿನಲ್ಲೇ ಪರಿಶೀಲಿಸುವುದರಿಂದ ವಾಪಸು ಹೋಗುವ ಅರ್ಜಿಗಳು ಕಡಿಮೆಯಾಗಿವೆ’ ಎಂದು ಬರೆದರೆ ಕೆಲಸವೂ ಕಾಣುತ್ತದೆ, ಅದನ್ನು ಸಾಧಿಸಿದ ಬಗೆಯೂ ಕಾಣುತ್ತದೆ.

ಮೊದಲು ಹೇಗಿತ್ತು, ತಾವು ಏನು ಮಾಡಿದಿರಿ, ಈಗ ಹೇಗಿದೆ, ಯಾರಿಗೆ ಅನುಕೂಲವಾಯಿತು: ನಾಲ್ಕೇ ಸಾಲು ಸಾಕು. ಜೊತೆಗೆ ದುಡಿದವರ ಹೆಸರನ್ನು ಬಿಡಬಾರದು. ಬಿಟ್ಟರೆ ವರದಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಹಣಕಾಸು ವಿಭಾಗಕ್ಕೆ ಉಳಿದ ದುಡ್ಡಿನ ಲೆಕ್ಕ ಬೇಕು, ಮುಖ್ಯಸ್ಥರಿಗೆ ಉಳಿದ ಸಮಯದ್ದು. ಓದುವವರಿಗೆ ತಕ್ಕಂತೆ ಆ ನಾಲ್ಕು ಸಾಲಿನ ಒತ್ತು ಬದಲಾಗಲಿ.

ಅಪ್ರೈಸಲ್ ಬರುವವರೆಗೆ ಕಾಯಬೇಡಿ. ಈ ವಾರ ಮುಗಿಸಿದ ಒಂದು ಕೆಲಸವನ್ನು, ಅಂಕಿಗಳು ನೆನಪಿನಲ್ಲಿ ಇರುವಾಗಲೇ, ದಿನಾಂಕ ಹಾಕಿ ಬರೆದಿಡಿ.