ಕೆಲಸ ಸಿಕ್ಕಿದ ಮೇಲೂ ಪರೀಕ್ಷೆ: ಒ.ಟಿ. ನರ್ಸ್‌ಗಳ ಇನ್ನೊಂದು ಮೆಟ್ಟಿಲು

ಕಾಸರಗೋಡು: ಮಂಜೇಶ್ವರ, ಕುಂಬಳೆ, ಬದಿಯಡ್ಕ ಭಾಗದ ಕನ್ನಡ ಮನೆಗಳಿಂದ ತಲಪಾಡಿ ದಾಟಿ ಮಂಗಳೂರಿಗೆ ನರ್ಸಿಂಗ್ ಕಲಿಯಲು ಹೋಗುವ ಮಕ್ಕಳು ಹೊಸಬರಲ್ಲ. ಅಲ್ಲಿಂದ ಕೊಲ್ಲಿ ದೇಶಗಳಿಗೆ, ಅಮೆರಿಕಕ್ಕೆ ಹೋದವರೂ ಇದ್ದಾರೆ. ಅಮೆರಿಕದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸಕ್ಕೆ ಸೇರಿದ ಮಗಳು ಎರಡು ಮೂರು ವರ್ಷದ ಬಳಿಕ ಫೋನಿನಲ್ಲಿ ‘ಪರೀಕ್ಷೆಗೆ ಓದ್ತಾ ಇದ್ದೇನೆ ಅಮ್ಮ’ ಎಂದರೆ ಊರಿನ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ‘ಕೆಲಸ ಉಂಟಲ್ಲ, ಇನ್ನೆಂತ ಪರೀಕ್ಷೆ?’

ಆ ಪರೀಕ್ಷೆಯ ಹೆಸರು ಸಿ.ಎನ್.ಒ.ಆರ್. ಶಸ್ತ್ರಚಿಕಿತ್ಸಾ ಕೊಠಡಿಯ ನರ್ಸ್‌ಗಳಿಗೆಂದೇ ಅಮೆರಿಕದ ಸಿ.ಸಿ.ಐ. ಎಂಬ ಸಂಸ್ಥೆ ಇದನ್ನು ನಡೆಸುತ್ತದೆ.

ಲೈಸೆನ್ಸ್ ಬೇರೆ, ಇದು ಬೇರೆ

ನಮ್ಮಲ್ಲಿ ಅನೇಕರು ಇದನ್ನು ಎನ್‌ಕ್ಲೆಕ್ಸ್ ಪರೀಕ್ಷೆಯೊಂದಿಗೆ ಬೆರೆಸುವುದುಂಟು. ಎನ್‌ಕ್ಲೆಕ್ಸ್ ಎಂಬುದು ಅಲ್ಲಿ ನರ್ಸ್ ಆಗಿ ಕೆಲಸ ಮಾಡಲು ಬೇಕಾದ ಲೈಸೆನ್ಸ್ ಪರೀಕ್ಷೆ. ಅದನ್ನು ಬೆಂಗಳೂರಿನಲ್ಲೂ ಬರೆಯಬಹುದು. ಸಿ.ಎನ್.ಒ.ಆರ್. ಬರುವುದು ಅದರ ನಂತರ. ಲೈಸೆನ್ಸ್ ಇದ್ದು, ಈ ಕ್ಷೇತ್ರದಲ್ಲಿ ಕೆಲಸದಲ್ಲೂ ಇರಬೇಕು. ಕನಿಷ್ಠ 2 ವರ್ಷ, 2,400 ಗಂಟೆಗಳ ಅನುಭವ ಬೇಕು. ಅದರಲ್ಲಿ 1,200 ಗಂಟೆ ಆಪರೇಷನ್ ನಡೆಯುವ ಕೊಠಡಿಯೊಳಗೇ ಆಗಿರಬೇಕು.

ಹಾಗಾಗಿ ಊರಿನಲ್ಲಿ ಕೋರ್ಸ್ ಮುಗಿಸಿ ಕುಳಿತ ಮಕ್ಕಳಿಗೆ ‘ಈ ಪರೀಕ್ಷೆ ಪಾಸಾದರೆ ಅಮೆರಿಕದಲ್ಲಿ ಕೆಲಸ’ ಎಂದು ಯಾರಾದರೂ ಕೋಚಿಂಗ್ ಫೀಸು ಕೇಳಿದರೆ ಮನೆಯವರು ಎಚ್ಚರಿಕೆ ವಹಿಸಬೇಕು. ಕೆಲಸ ಮೊದಲು, ಪರೀಕ್ಷೆ ಆಮೇಲೆ.

ಮಲಗಿದವರ ಪರವಾಗಿ

ಅರಿವಳಿಕೆ ಕೊಟ್ಟು ಮಲಗಿಸಿದ ರೋಗಿಗೆ ‘ಕೈ ನೋಯುತ್ತದೆ’ ಎನ್ನಲಾಗದು, ‘ನನ್ನದು ಎಡಗಾಲು, ಬಲಗಾಲಲ್ಲ’ ಎಂದೂ ಹೇಳಲಾಗದು. ನಾಲ್ಕು ಗಂಟೆ ಮೊಣಕೈ ಮೇಜಿನ ಅಂಚಿಗೆ ಒತ್ತಿಕೊಂಡರೆ ನರಕ್ಕೆ ಪೆಟ್ಟಾಗಿ ಬೆರಳು ಜೋಮು ಹಿಡಿಯಬಹುದು. ಅವರ ಬದಲಿಗೆ ನೋಡಿ, ಕೇಳಿ, ಎಣಿಸಬೇಕಾದವರಲ್ಲಿ ನರ್ಸ್ ಮುಖ್ಯರು. ಪರೀಕ್ಷೆ ಅಳೆಯುವುದೂ ಇದನ್ನೇ.

ಒಟ್ಟು 200 ಪ್ರಶ್ನೆ, 3 ಗಂಟೆ 45 ನಿಮಿಷ. ಅಂಕಕ್ಕೆ ಲೆಕ್ಕ 185 ಮಾತ್ರ. ಉಳಿದ 15 ಪ್ರಯೋಗಕ್ಕೆ ಇಟ್ಟವು, ಯಾವುವೆಂದು ಬರೆಯುವವರಿಗೆ ತಿಳಿಯುವುದಿಲ್ಲ. ಆಪರೇಷನ್ ನಡೆಯುವಾಗಿನ ಕೆಲಸಗಳಿಗೆ ದೊಡ್ಡ ಪಾಲು. ಉಪಕರಣಗಳ ಶುದ್ಧೀಕರಣ, ತುರ್ತು ಸ್ಥಿತಿ, ರೋಗಿಯನ್ನು ಮುಂದಿನ ವಾರ್ಡಿಗೆ ಒಪ್ಪಿಸುವ ಕ್ರಮವೂ ಇದೆ.

ಪ್ರಶ್ನೆಗಳು ಬಾಯಿಪಾಠದವಲ್ಲ. ಹೊಟ್ಟೆಯ ಆಪರೇಷನ್ ಮುಗಿದು ಹೊಲಿಗೆ ಹಾಕುವ ಹೊತ್ತು. ಎಣಿಸಿದಾಗ ಒಂದು ಸ್ಪಂಜ್ ಕಡಿಮೆ. ಮೊದಲು ಮಾಡಬೇಕಾದದ್ದೇನು? ಸರ್ಜನ್‌ಗೆ ಕೂಡಲೇ ತಿಳಿಸಬೇಕು. ಗಾಯದೊಳಗೆ, ಮೇಜಿನ ಮೇಲೆ, ನೆಲದಲ್ಲಿ, ಕಸದ ಚೀಲದಲ್ಲಿ, ಬಟ್ಟೆಗಳ ನಡುವೆ ಹುಡುಕಬೇಕು. ಸಿಗದಿದ್ದರೆ ಎಕ್ಸ್‌ರೇ. ‘ಎಣಿಕೆ ತಪ್ಪಿರಬಹುದು’ ಎಂದು ಬಿಡುವ ಹಾಗಿಲ್ಲ. ಎದುರಿಗಿರುವವರು ಎಷ್ಟೇ ದೊಡ್ಡ ಡಾಕ್ಟರ್ ಆಗಿರಲಿ, ಹೇಳುವ ಧೈರ್ಯ ಬೇಕು. ‘ಡಾಕ್ಟರಿಗೆ ಎದುರು ಮಾತಾಡಬಾರದು’ ಎಂದು ಕೇಳುತ್ತಾ ಬೆಳೆದ ಮಕ್ಕಳಿಗೆ ಕಷ್ಟವಾಗುವುದು ಇಲ್ಲೇ.

ಲೆಕ್ಕವೂ ಬೇಕು

ಅರಿವಳಿಕೆಯ ಕೆಲವು ಔಷಧಗಳಿಂದ ಅಪರೂಪಕ್ಕೆ ಕೆಲವರ ಮೈಬಿಸಿ ಒಮ್ಮೆಲೇ ಏರಿ, ಸ್ನಾಯು ಬಿಗಿದು, ಜೀವಕ್ಕೆ ಅಪಾಯವಾಗುತ್ತದೆ. ಇದು ಕುಟುಂಬದಲ್ಲಿ ಬರುವ ದೋಷ. ಮದ್ದು ಡ್ಯಾಂಟ್ರೊಲೀನ್. ಕಿಲೋ ತೂಕಕ್ಕೆ 2.5 ಮಿಲಿಗ್ರಾಂನಂತೆ 70 ಕಿಲೋ ರೋಗಿಗೆ ಮೊದಲ ಡೋಸ್ 175 ಮಿಲಿಗ್ರಾಂ. ಹಳೆಯ ಮಾದರಿಯ ಬಾಟಲಿಯಲ್ಲಿ ಇರುವುದು 20 ಮಿಲಿಗ್ರಾಂ ಮಾತ್ರ. ಅಂದರೆ 9 ಬಾಟಲಿ, ಒಂದೊಂದಕ್ಕೂ 60 ಮಿಲಿಲೀಟರ್ ಶುದ್ಧ ನೀರು ಬೆರೆಸಿ ಕಲಕಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕೂಡಲೇ ಹೆಚ್ಚಿನ ಜನರನ್ನು ಕರೆಯಬೇಕೆಂಬುದೂ ಉತ್ತರದ ಭಾಗ.

ಕ್ರಮ ತಪ್ಪದೆ ನಡೆದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಸುರಕ್ಷಾ ಪಟ್ಟಿ ಉದಾಹರಣೆ. ರೋಗಿಯ ಹೆಸರು, ಆಪರೇಷನ್ ಯಾವುದು, ಯಾವ ಜಾಗ, ಸ್ಪಂಜ್ ಸೂಜಿ ಎಣಿಕೆ ಸರಿಯಿದೆಯೇ ಎಂಬಂಥ ಸರಳ ಮಾತುಗಳೇ ಅದರಲ್ಲಿರುವುದು. ಹೊಸದಿಲ್ಲಿ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿ ಬಳಸಿದ ಮೇಲೆ ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು.

ಗಡಿಯವರ ಕಾಗದ ಪತ್ರ

ಈ ದಾರಿ ಹಿಡಿಯುವ ಗಡಿನಾಡಿನ ಮಕ್ಕಳಿಗೆ ಪಾಠಕ್ಕಿಂತ ಮೊದಲು ಎದುರಾಗುವುದು ಕಾಗದದ ಕಷ್ಟ. ಹತ್ತನೆಯ ತರಗತಿಯ ಸರ್ಟಿಫಿಕೇಟು ಕೇರಳದ್ದು, ನರ್ಸಿಂಗ್ ಕಲಿತದ್ದು ಕರ್ನಾಟಕದಲ್ಲಿ. ಮಂಗಳೂರಿನಲ್ಲಿ ಕಲಿತವರ ನೋಂದಣಿ ಬೆಂಗಳೂರಿನ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ. ಊರಿಗೆ ಬಂದು ಕೆಲಸ ಮಾಡಬೇಕಾದರೆ ತಿರುವನಂತಪುರದ ಕೌನ್ಸಿಲ್‌ನಲ್ಲೂ ಹೆಸರು ಬರೆಸಬೇಕು. ಅಮೆರಿಕದ ಲೈಸೆನ್ಸಿಗೆ ಅರ್ಜಿ ಹಾಕುವಾಗ ಕಾಲೇಜಿನ ಮತ್ತು ಕೌನ್ಸಿಲ್‌ನ ದಾಖಲೆ ಎರಡೂ ಬೇಕಾಗುತ್ತವೆ.

ಹೆಸರೇ ಇನ್ನೊಂದು ತೊಡಕು. ಶಾಲೆಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆಯ ನಂತರ ಗಂಡನ ಹೆಸರು ಎಂದಾದರೆ ‘ಇವರೆಲ್ಲ ಒಬ್ಬರೇ’ ಎಂದು ರುಜು ಮಾಡುತ್ತಾ ತಿಂಗಳುಗಳೇ ಕಳೆಯಬಹುದು. ಕೋರ್ಸಿಗೆ ಸೇರಿಸುವಾಗಲೇ ಎಲ್ಲ ಕಡೆ ಒಂದೇ ಹೆಸರು ಇರುವಂತೆ ನೋಡಿಕೊಳ್ಳುವುದು ಹೆತ್ತವರು ಮಾಡಬಹುದಾದ ದೊಡ್ಡ ಸಹಾಯ.

ಡ್ಯೂಟಿ ಮುಗಿದ ಮೇಲೆ

ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಉದ್ದದ ಪ್ರಶ್ನೆ ಓದಿ ಮುಗಿಸುವುದೇ ಮೊದಲ ಅಭ್ಯಾಸ. ಓದಿದ್ದನ್ನು ಮರುದಿನ ಕೊಠಡಿಯಲ್ಲಿ ಕಣ್ಣಾರೆ ನೋಡುವುದು, ‘ಹೀಗೆ ಯಾಕೆ’ ಎಂದು ತನ್ನ ಭಾಷೆಯಲ್ಲೇ ತನಗೆ ಹೇಳಿಕೊಳ್ಳುವುದು ಉಪಯೋಗಕ್ಕೆ ಬರುತ್ತದೆ. ಪಾಸಾದರೂ ಅಲ್ಲಿಗೆ ಮುಗಿಯುವುದಿಲ್ಲ. ಸರ್ಟಿಫಿಕೇಟಿನ ಅವಧಿ 5 ವರ್ಷ, ಮತ್ತೆ ನವೀಕರಿಸಬೇಕು.

ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ 7ಕ್ಕೆ ಡ್ಯೂಟಿ ಮುಗಿಯುವಾಗ ಕಾಸರಗೋಡಿನಲ್ಲಿ ಮರುದಿನ ಮುಂಜಾನೆ 4.30. ಅಮ್ಮ ಒಲೆ ಹೊತ್ತಿಸುವ ಹೊತ್ತಿಗೆ ಮಗಳು ಅಲ್ಲಿ ಪುಸ್ತಕ ಬಿಡಿಸಿರುತ್ತಾಳೆ. ಫೋನ್ ಎತ್ತದಿದ್ದರೆ ಬೇಸರ ಬೇಡ. ಎಣಿಕೆಯಲ್ಲಿ ಒಂದು ಸ್ಪಂಜ್ ಕಡಿಮೆ ಬಂದ ದಿನ ಸುಮ್ಮನಿರದೆ ಬಾಯಿ ಬಿಡುವುದನ್ನು ಅವಳು ಕಲಿಯುತ್ತಿದ್ದಾಳೆ.