ಪರದೇಶದ ಪ್ರದರ್ಶನದಲ್ಲಿ ನಮ್ಮ ಕೋಟೆ

ಚಿತ್ರವನ್ನೋ ವಿಗ್ರಹವನ್ನೋ ಪೆಟ್ಟಿಗೆಯಲ್ಲಿಟ್ಟು ಪರದೇಶದ ಪ್ರದರ್ಶನಕ್ಕೆ ಕಳುಹಿಸಬಹುದು; ಕಟ್ಟಡವನ್ನು ಹಾಗೆ ಕಳುಹಿಸಲಾಗದು. ಆದರೂ ವಾಸ್ತುಶಿಲ್ಪಕ್ಕೆಂದೇ ಮೀಸಲಾದ ಪ್ರದರ್ಶನಗಳುಂಟು. ಇವುಗಳಲ್ಲಿ ಹೆಸರಾದುದು ಇಟಲಿಯ ವೆನಿಸ್ ನಗರದ್ದು. ೧೯೮೦ರಲ್ಲಿ ಅಲ್ಲಿ ನಡೆದ ಮೊದಲನೆಯ ಅಂತರರಾಷ್ಟ್ರೀಯ ವಾಸ್ತುಶಿಲ್ಪ ಪ್ರದರ್ಶನಕ್ಕೆ ‘ಗತಕಾಲದ ಸಾನ್ನಿಧ್ಯ’ವೇ ವಿಷಯವಾಗಿತ್ತು. ಹಳೆಯ ಕಟ್ಟಡದ ಸಂರಕ್ಷಣೆಯನ್ನು ಇಂತಹ ಕಡೆ ಜನರ ಮುಂದಿಡಬೇಕಾದರೆ ಏನನ್ನು ತೋರಿಸತಕ್ಕದ್ದು? ರಾಯಚೂರಿನ ಕೋಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಈ ಕೋಟೆಯ ಒಳಗೋಡೆಯನ್ನು ೧೨೯೪ರಲ್ಲಿ, ಕಾಕತೀಯರ ಕಾಲದಲ್ಲಿ, ಗೋರೆ ಗನ್ನಯ್ಯ ರೆಡ್ಡಿಯ ಅಧಿಕಾರಿಯಾದ ವಿಠ್ಠಲನು ಕಟ್ಟಿಸಿದನು. ಹೊರಗೋಡೆ ಬಿಜಾಪುರದ ಸುಲ್ತಾನರ ಕಾಲದ್ದು. ಒಳಗೋಡೆಯಲ್ಲಿರುವ ಶಾಸನದ ಕಲ್ಲು ೪೧ ಅಡಿ ೮ ಅಂಗುಲ, ಎಂದರೆ ಸುಮಾರು ೧೨.೭ ಮೀಟರು ಉದ್ದವಾಗಿದೆ. ಆ ಬಂಡೆಯನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲಿನಿಂದ ಎಳೆಸುವುದನ್ನೂ, ಹಿಂದಿನಿಂದ ಜನರು ಮೀಟುಗೋಲು ಹಾಕಿ ಗಾಲಿಗಳನ್ನು ನೂಕುವುದನ್ನೂ ಗೋಡೆಯ ಮೇಲೆಯೇ ಚಿತ್ರವಾಗಿ ಕೊರೆದಿದ್ದಾರೆ. ಕಟ್ಟಿದ ಬಗೆಯನ್ನು ಕಟ್ಟಡವೇ ಹೇಳುವ ಇಂತಹ ನಿದರ್ಶನಗಳು ವಿರಳ.

ಪ್ರದರ್ಶನಕ್ಕೆ ಮೊದಲು ಬೇಕಾದುದು ಅಳತೆಯ ನಕ್ಷೆ. ೫೦ಕ್ಕೆ ೧ರ ಪ್ರಮಾಣದಲ್ಲಿ ಬರೆದರೆ ಈ ಭಾರಿ ಬಂಡೆ ೨೫.೪ ಸೆಂಟಿಮೀಟರು ಆಗಿ, ಹಾಳೆಯೊಂದರ ಮೇಲೆ ನಿಲ್ಲುತ್ತದೆ. ಒಂದೊಂದು ಕಲ್ಲನ್ನೂ, ಬಿರುಕನ್ನೂ, ಸಂದಿನಲ್ಲಿ ಬೇರುಬಿಟ್ಟ ಗಿಡವನ್ನೂ ಗುರುತಿಸಿದಾಗ ನಕ್ಷೆಯು ರೋಗಿಯ ತಪಾಸಣೆಯ ಪತ್ರದಂತಾಗುತ್ತದೆ.

ಎರಡನೆಯದು ಚಿಕಿತ್ಸೆಯ ವಿವರ. ಒಳಗೋಡೆಯ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿದ್ದಾರೆ. ಮಳೆಯ ನೀರು ಗೋಡೆಯ ಹೊಟ್ಟೆಗಿಳಿದರೂ ಸಂದುಗಳ ಮೂಲಕ ಹೊರಬೀಳುತ್ತದೆ. ಆ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ನೀರು ಒಳಗೇ ನಿಂತು, ಗೋಡೆಯ ಬೆನ್ನಿಗಿರುವ ಮಣ್ಣು ಉಬ್ಬಿ, ಕಲ್ಲುಗಳನ್ನು ಹೊರಕ್ಕೆ ತಳ್ಳುತ್ತದೆ. ಗಾರೆಯುಳ್ಳ ಹಳೆಯ ಗೋಡೆಗೂ ಸುಣ್ಣದ ಗಾರೆಯೇ ಹಿತ. ಅದು ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅಷ್ಟಾಗಿ ಬಿಡುವುದಿಲ್ಲ. ಆಗ ತೇವದೊಡನೆ ಬಂದ ಲವಣಗಳು ಪಕ್ಕದ ಕಲ್ಲು ಇಟ್ಟಿಗೆಗಳಲ್ಲಿ ಹರಳುಗಟ್ಟಿ ಅವುಗಳ ಮೈಯನ್ನು ಪುಡಿಮಾಡುತ್ತವೆ. ಎರಡು ಬಗೆಯ ಗೋಡೆಗಳ ತುಣುಕುಗಳನ್ನು ಕಟ್ಟಿ ಅಕ್ಕಪಕ್ಕದಲ್ಲಿಟ್ಟರೆ ಯಾವ ಭಾಷೆಯವನಿಗಾದರೂ ವಿಷಯ ತಿಳಿಯುವುದು.

ಮೂರನೆಯದು ಪ್ರಾಮಾಣಿಕತೆ. ೧೯೬೪ರಲ್ಲಿ ಅದೇ ವೆನಿಸಿನಲ್ಲಿ ಸೇರಿದ ತಜ್ಞರು ಒಂದು ಸನ್ನದನ್ನು ರೂಪಿಸಿದರು. ಊಹೆ ಮೊದಲಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಹೊಸದಾಗಿ ಸೇರಿಸಿದುದು ಹಳೆಯದರೊಡನೆ ಹೊಂದಿಕೊಂಡಿದ್ದರೂ ಬೇರೆಯೆಂದು ಗುರುತು ಸಿಗಬೇಕು. ಮಾಡಿದ ಕೆಲಸವೆಲ್ಲ ದಾಖಲೆಯಾಗಬೇಕು ಎಂಬುವು ಅದರ ಮುಖ್ಯ ನಿಯಮಗಳು. ಆದುದರಿಂದ ಹೊಳೆಯುವ ಛಾಯಾಚಿತ್ರ ಮಾತ್ರ ಸಾಲದು. ಎಷ್ಟನ್ನು ಮುಟ್ಟಿದೆವು, ಎಷ್ಟನ್ನು ಮುಟ್ಟದೆ ಬಿಟ್ಟೆವು ಎಂಬುದನ್ನೂ ತೋರಿಸಬೇಕು.

ಈ ಮಾತು ಮಾನ್ವಿ, ದೇವದುರ್ಗಗಳಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಮಾನ್ವಿಯ ಹಳೆಯ ಕೋಟೆ ಪಾಳುಬಿದ್ದುದು. ದೇವದುರ್ಗ ಒಮ್ಮೆ ಬೇಡ ಪಾಳೆಯಗಾರರ ಬಲವಾದ ನೆಲೆಯಾಗಿತ್ತು. ಕುಸಿದುಹೋದುದನ್ನು ಊಹಿಸಿ ಕಟ್ಟಿದರೆ ಇತಿಹಾಸ ಉಳಿಯದು, ವೇಷ ಮಾತ್ರ ಉಳಿದೀತು. ಇಂತಹ ಊರುಗಳಲ್ಲಿ ನಿಂತಿರುವಷ್ಟನ್ನು ಅಳೆದು ಬರೆದಿಡುವುದೇ ಮೊದಲನೆಯ ಸಂರಕ್ಷಣೆ.

ಪ್ರದರ್ಶನ ಕೆಲವು ತಿಂಗಳುಗಳಲ್ಲಿ ಮುಗಿಯುತ್ತದೆ. ಅದಕ್ಕಾಗಿ ಸಿದ್ಧಪಡಿಸಿದ ನಕ್ಷೆಗಳು ಊರಿಗೆ ಮರಳಿ, ಮುಂದೊಂದು ಮಳೆಗಾಲದಲ್ಲಿ ಗೋಡೆ ಜರಿದಾಗ ಕಲ್ಲುಕುಟಿಗನ ಕೈಗೆ ದೊರೆಯುವಂತಿರಬೇಕು. ಪರದೇಶದ ಮೆಚ್ಚುಗೆಗಿಂತ ಅದೇ ದೊಡ್ಡ ಲಾಭ.