ಅಂಕ ಕಡಿಮೆಯಾದಾಗ ಕಿವಿಯನ್ನೂ ನೋಡೋಣ

ಕಳೆದ ಸಾಲಿನ ವಿದ್ಯಾರ್ಥಿವೇತನ ಸಂದರ್ಶನಕ್ಕೆ ಬಂದಿದ್ದ ಐದನೇ ತರಗತಿಯ ಹುಡುಗನೊಬ್ಬ ನಮ್ಮ ಪ್ರಶ್ನೆಗಳಿಗೆ ಅರ್ಧಂಬರ್ಧ ಉತ್ತರ ಕೊಟ್ಟ. ಅಂಕಗಳೂ ಕಡಿಮೆ ಇದ್ದವು. ಅರ್ಜಿಯನ್ನು ಬದಿಗಿಟ್ಟೆವು. ಎದ್ದು ಹೊರಡುವಾಗ ತಾಯಿ ಹೇಳಿದರು: "ಇವನು ನಡೆಯೋಕೆ ಕಲಿತಿದ್ದೇ ತಡ ಸಾರ್. ಈಗಲೂ ರಾತ್ರಿ ಕರೆಂಟ್ ಹೋದರೆ ಗೋಡೆ ಹಿಡ್ಕೊಂಡೇ ಓಡಾಡ್ತಾನೆ." ಸಮಿತಿಯಲ್ಲಿದ್ದ ವೈದ್ಯರು ಕೂಡಲೇ ಕಿವಿ ಪರೀಕ್ಷೆ ಮಾಡಿಸಲು ಹೇಳಿದರು. ಎರಡೂ ಕಿವಿಗಳಲ್ಲಿ ಶ್ರವಣದೋಷವಿತ್ತು, ಸಮತೋಲನವೂ ದುರ್ಬಲವಾಗಿತ್ತು.

ಇವೆರಡಕ್ಕೂ ಏನು ನಂಟು ಎಂದು ನಮಗೂ ಅನಿಸಿತ್ತು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವುದು ಕೇಳುವ ಭಾಗ. ಅದಕ್ಕೆ ಅಂಟಿಕೊಂಡೇ ಸಮತೋಲನ ನೋಡಿಕೊಳ್ಳುವ ಮೂರು ಅರ್ಧವೃತ್ತ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ಎರಡರ ಸುದ್ದಿಯೂ ಮಿದುಳಿಗೆ ಹೋಗುವುದು ಒಂದೇ ನರದ ಮೂಲಕ. ಹುಟ್ಟಿನಿಂದ ಬಂದ ದೋಷವೋ ಮೆನಿಂಜೈಟಿಸ್‌ನಂಥ ಸೋಂಕೋ ಒಂದನ್ನು ಕೆಡಿಸಿದರೆ ಇನ್ನೊಂದಕ್ಕೂ ಪೆಟ್ಟಾಗುವುದುಂಟು.

ಅರೆಬರೆ ಕೇಳಿಸುವ ಮಗು ಬಿಟ್ಟುಹೋದ ಪದಗಳನ್ನು ಊಹಿಸುವುದರಲ್ಲೇ ದಣಿಯುತ್ತದೆ. ಪಾಠವನ್ನು ನೆನಪಿಟ್ಟು ಲೆಕ್ಕ ಬಿಡಿಸಲು ಗಮನ ಉಳಿಯುವುದಿಲ್ಲ. ಸಮತೋಲನ ಕೆಟ್ಟರೆ ನೆಟ್ಟಗೆ ಕೂರುವುದಕ್ಕೂ ಮನಸ್ಸು ಕೊಡಬೇಕು. ತಲೆ ಅಲುಗಿದಾಗ ನೋಟವನ್ನು ಸ್ಥಿರವಾಗಿಡುವುದೂ ಒಳಕಿವಿಯ ಕೆಲಸವೇ. ಅದು ಸರಿಯಿಲ್ಲದ ಮಗು ಬೋರ್ಡಿನಿಂದ ಪುಸ್ತಕದ ಕಡೆ ತಿರುಗುವಾಗ ಅಕ್ಷರ ಮಸುಕಾಗುತ್ತದೆ, ಸಾಲು ತಪ್ಪುತ್ತದೆ. ಬುದ್ಧಿಗೆ ಕೊರತೆಯಿರುವುದಿಲ್ಲ. ಆ ಹುಡುಗನನ್ನು ನಾವು ದಡ್ಡ ಎನ್ನಲಿಲ್ಲ, ನಿಜ. ಆದರೆ ಅರ್ಜಿ ಬದಿಗಿಟ್ಟದ್ದರ ಅರ್ಥ ಅದೇ ಆಗಿತ್ತು.

ಮಗುವಿನ ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ತಡವಾದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ, ದೊಡ್ಡವನಾದಂತೆ ಸರಿಹೋಗುತ್ತದೆ ಎಂದು ಪೋಷಕರು ಕಾಯಬಾರದು. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಳುವಿಕೆಯ ಜೊತೆಗೆ ಸಮತೋಲನವನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ.

ಹುಡುಗ ಈಗ ಶ್ರವಣ ಸಾಧನ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ಸಮತೋಲನಕ್ಕೆ ವ್ಯಾಯಾಮವೂ ನಡೆದಿದೆ. ಅವನ ವಿದ್ಯಾರ್ಥಿವೇತನ ಮಂಜೂರಾಗಿದೆ. ದಾನಿಗಳ ನೆರವಿನಿಂದ ಸಾಧನದ ಬ್ಯಾಟರಿ, ಆಸ್ಪತ್ರೆಗೆ ಹೋಗಿಬರುವ ಬಸ್ ಖರ್ಚನ್ನೂ ಕೊಡುತ್ತಿದ್ದೇವೆ. ಈ ಸಾಲಿನ ಅರ್ಜಿಯಲ್ಲಿ ಕಿವಿ ಮತ್ತು ನಡಿಗೆಯ ಬಗ್ಗೆ ಎರಡು ಪ್ರಶ್ನೆ ಸೇರಿಸಿದ್ದೇವೆ. 'ಹೌದು' ಎಂದು ಬರೆದ ಮಕ್ಕಳಿಗೆ ಅಂಕದ ಮಿತಿ ಇಲ್ಲ. ವೈದ್ಯರ ವರದಿ ಇಲ್ಲದಿದ್ದರೂ ಅರ್ಜಿ ಕೊಡಿ. ಪರೀಕ್ಷೆಗೆ ನಾವೇ ಕರೆದೊಯ್ಯುತ್ತೇವೆ.